ಹಳೆಯ ಮೋಟಾರು, ಹೊಸ ಎಂಜಿನು

ರಜೆ ಮುಗಿದಾಗಲೆಲ್ಲ ಹಟ್ಟಿಯಿಂದ ನನ್ನನ್ನು ಈ ಶಾಲೆಯ ವಸತಿಗೃಹಕ್ಕೆ ಕರೆತರುತ್ತಿದ್ದುದು ತಂದೆಯವರ ಅಂಬಾಸಡರ್ ಮೋಟಾರು. ಅವರು ಗತಿಸಿದ ಬಳಿಕ ಅದರ 1489 ಸಿ.ಸಿ. ಪೆಟ್ರೋಲ್ ಎಂಜಿನು ಸವೆದು ನಿಂತಿತು. ಅಂಬಾಸಡರಿಗೇ 1990ರ ದಶಕದಲ್ಲಿ ಬಂದ 1817 ಸಿ.ಸಿ. ಇಸುಜು ಎಂಜಿನನ್ನು ತಮ್ಮನು ಗೇರ್‌ಬಾಕ್ಸಿನೊಡನೆ ತಂದು, ಅಂಗಳದ ಬೇವಿನ ಕೊಂಬೆಗೆ ಚೈನ್ ಪುಲ್ಲಿ ಕಟ್ಟಿದನು.

“ಅಪ್ಪನ ಗಾಡಿಯ ಜೀವವನ್ನೇ ಕೀಳುವೆಯಾ?” ಎಂದು ನಾನು ಮುನಿದೆನು.

“ಅವರು ಕೊಂಡದ್ದು ಓಡಿಸುವುದಕ್ಕೆ, ನಿಲ್ಲಿಸಿಡುವುದಕ್ಕಲ್ಲ” ಎಂದರು ತಾಯಿಯವರು.

1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನಂತೆ ಆರ್.ಟಿ.ಓ. ಕಚೇರಿಯ ಅಪ್ಪಣೆ ಪಡೆದು, ಎಂಜಿನು ಕೂರುವ ಮೌಂಟುಗಳನ್ನು ಬದಲಿಸಿ, ಶಕ್ತಿ ಹೆಚ್ಚಿದ್ದರಿಂದ ಬ್ರೇಕುಗಳನ್ನೂ ಬಲಪಡಿಸಿ, ಅವನು ಕೆಲಸ ಮುಗಿಸಿದನು.

ಎಂಜಿನಿನ ಸದ್ದು ಬೇರೆಯಾಯಿತು. ಬಾಗಿಲಿನ ಸಪ್ಪಳ ಮಾತ್ರ ತಂದೆಯವರ ಕಾಲದ್ದೇ. ಈ ವರುಷ ನನ್ನ ಮಗಳು ಅದೇ ಗಾಡಿಯಿಂದ ಇದೇ ಶಾಲೆಯ ಬಾಗಿಲಲ್ಲಿ ಇಳಿದಳು.