ಯು, ಜಿ, ಎಚ್

ಕಳೆದ ವಾರ ಮಗಳ ಡಿಕ್ಟೇಶನ್‌ಗೆ ಹತ್ತು ಪದ ಓದಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಎಲ್ಲದರಲ್ಲೂ ಯು, ಜಿ, ಎಚ್ ಅಕ್ಷರಗಳು ಒಟ್ಟಿಗೆ ಬರುತ್ತವೆ. ಟಫ್ ಅಂದರೆ ಗಟ್ಟಿ, ಕಾಫ್ ಅಂದರೆ ಕೆಮ್ಮು. ಬೌ ಅಂದರೆ ಮರದ ಕೊಂಬೆ, ಡೋ ಅಂದರೆ ಕಲಸಿದ ಹಿಟ್ಟು. ದೋ ಅಂದರೆ ಆದರೂ, ಅದರ ನಡುವೆ ಒಂದು ಆರ್ ಸೇರಿಸಿದರೆ ಥ್ರೂ, ಅಂದರೆ ಮೂಲಕ. ಥಾಟ್ ಅಂದರೆ ಯೋಚನೆ. ಲಾಫ್ಟರ್ ಅಂದರೆ ನಗು, ಮುಂದೆ ಒಂದು ಎಸ್ ಇಟ್ಟರೆ ಸ್ಲಾಟರ್, ಅಂದರೆ ಕಡಿದು ಕೊಲ್ಲುವುದು.

"ಎಸ್ ಬಂದ್ರೆ ಫ್ ಯಾಕಪ್ಪಾ ಹೋಗತ್ತೆ?" ಎಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಹತ್ತನೆಯ ಪದ ಥರೋ, ಅಂದರೆ ಕೂಲಂಕಷ. ಅಲ್ಲಿ ನಾನು ತಡವರಿಸಿದೆ.

ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವನು ನಾನು. ಬರೆದಂತೆ ಓದುವುದೇ ನನಗೆ ಗೊತ್ತಿದ್ದ ನಿಯಮ. ಎಂಟೆಕ್ ಮುಗಿಸಿ ಪುಣೆಗೆ ಬಂದ ಹೊಸದರಲ್ಲಿ, ಕ್ಲೈಂಟ್ ಕಾಲ್ ಒಂದರಲ್ಲಿ "ಥರಫ್ ಟೆಸ್ಟಿಂಗ್" ಆಗಿದೆ ಎಂದೆ. ರಫ್, ಟಫ್, ಇನಫ್ ಇದ್ದ ಮೇಲೆ ಥರಫ್ ಯಾಕೆ ಇರಬಾರದು? ಆ ಕಡೆಯವರು ಏನೂ ಅನ್ನಲಿಲ್ಲ. ಈ ಕಡೆ ನಮ್ಮ ಟೀಮಿನವರೇ ಮ್ಯೂಟ್ ಒತ್ತಿ ನಕ್ಕರು. ಮುಂದೆ ಕೆಲವು ತಿಂಗಳು ಕ್ಯಾಂಟೀನಿನಲ್ಲಿ ನನ್ನ ಹೆಸರೇ ಥರಫ್. ಅಂದಿನಿಂದ ಆ ಪದವನ್ನು ನಾನು ಆಡಿರಲಿಲ್ಲ. ಕಂಪ್ಲೀಟ್ ಅನ್ನುತ್ತಿದ್ದೆ, ಡೀಟೇಲ್ಡ್ ಅನ್ನುತ್ತಿದ್ದೆ. ಟೆಸ್ಟಿಂಗ್ ವರದಿ ಕೊಡುವುದೇ ಕೆಲಸವಾದವನಿಗೆ ಹದಿನೈದು ವರ್ಷ ಒಂದು ಪದವನ್ನು ತಪ್ಪಿಸಿಕೊಂಡು ಓಡಾಡುವುದು ಸುಲಭವಲ್ಲ.

ಮಗಳ ಪ್ರಶ್ನೆಯ ನೆಪದಲ್ಲಿ ಆ ರಾತ್ರಿ ಕೂತು ಓದಿದೆ. ಆ ಜಿ, ಎಚ್ ಮೊದಲು ಮೂಕ ಅಕ್ಷರಗಳಾಗಿರಲಿಲ್ಲ. ಹಿಂದಿನ ಇಂಗ್ಲಿಷಿನಲ್ಲಿ ಅಲ್ಲಿ ಗಂಟಲು ಉಜ್ಜಿಕೊಂಡು ಬರುವ "ಖ್" ಥರದ ದನಿ ಇತ್ತು. ಜರ್ಮನ್ನರು ರಾತ್ರಿಗೆ ಇಂದಿಗೂ ನಾಖ್ಟ್ ಅನ್ನುತ್ತಾರೆ. ಇಂಗ್ಲಿಷಿನ ನೈಟ್‌ನಲ್ಲಿ ದನಿ ಹೋಗಿ ಅಕ್ಷರ ಉಳಿದಿದೆ. 1476ರಲ್ಲಿ ವಿಲಿಯಂ ಕ್ಯಾಕ್ಸ್‌ಟನ್ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಅಚ್ಚುಕೂಟ ತೆರೆದ. ನಿಧಾನವಾಗಿ ಕಾಗುಣಿತ ಅಚ್ಚಿನಲ್ಲಿ ಗಟ್ಟಿಯಾಯಿತು, ಜನರ ಬಾಯಿ ಮಾತ್ರ ಬದಲಾಗುತ್ತಲೇ ಹೋಯಿತು. ಆ ದನಿ ಲಾಫ್ಟರ್‌ನಲ್ಲಿ ಫ್ ಆಯಿತು, ಸ್ಲಾಟರ್‌ನಲ್ಲಿ ಕಾಣೆಯಾಯಿತು. ಎಸ್‌ನ ತಪ್ಪೇನೂ ಇಲ್ಲ. ನೋಡಿ ಊಹಿಸುವಂತಿಲ್ಲ, ಒಂದೊಂದು ಪದವನ್ನೂ ಕಿವಿಯಿಂದಲೇ ಕಲಿಯಬೇಕು. ಅಂದು ನಕ್ಕವರು ನನಗಿಂತ ಜಾಣರಾಗಿರಲಿಲ್ಲ. ಅವರು ಆ ಪದವನ್ನು ಮೊದಲೇ ಕೇಳಿದ್ದರು, ನಾನು ಓದಿದ್ದೆ ಅಷ್ಟೆ.

ಕನ್ನಡದ ಬಾಯಿಯೂ ಬದಲಾಗಿದೆ. ಹಳಗನ್ನಡದ ಪಾಲ್ ಹಾಲಾಯಿತು, ಪುಲಿ ಹುಲಿಯಾಯಿತು. ಚೆನ್ನೈಯಲ್ಲಿರುವ ನಮ್ಮವರು "ಪಾಲ್" ಅನ್ನು ಈಗಲೂ ದಿನಾ ಬೆಳಿಗ್ಗೆ ಕೇಳುತ್ತಾರೆ. ಆದರೆ ನಾವು ಬಾಯಿ ಹೋದ ಕಡೆ ಬರಹವನ್ನೂ ಕರೆದುಕೊಂಡು ಹೋದೆವು. ಏೞು ಏಳಾಯಿತು, ೞ ಅಕ್ಷರವೇ ಬಳಕೆಯಿಂದ ಹೋಯಿತು. ಇಂಗ್ಲಿಷಿನವರು ಮನೆ ಖಾಲಿಯಾದರೂ ಬಾಗಿಲ ಮೇಲಿನ ಹೆಸರು ತೆಗೆಯಲಿಲ್ಲ.

ಮರುದಿನ ಪಟ್ಟಿಗೆ ಹನ್ನೊಂದನೆಯ ಪದ ನಾನೇ ಸೇರಿಸಿದೆ: ಡಾಟರ್. ಇದರಲ್ಲೂ ಅದೇ ಮೂರು ಅಕ್ಷರ. ಜರ್ಮನ್ನಿನ ಟೋಖ್ಟರ್, ಸಂಸ್ಕೃತದ ದುಹಿತೃ ಇದರ ನಂಟರು. ದುಹಿತೃವಿನ ಹ ಮತ್ತು ಡಾಟರ್‌ನ ಮೂಕ ಜಿ, ಎಚ್ ಒಂದೇ ಮೂಲದವು ಎಂದು ಹೇಳಿ, ಥರಫ್ ಕಥೆಯನ್ನೂ ಹೇಳಿದೆ. ಬಿದ್ದು ಬಿದ್ದು ನಕ್ಕಳು. ಆಮೇಲೆ, "ಸ್ಪೆಲಿಂಗ್ ನೋಡಿದ್ರೆ ನೀನು ಹೇಳಿದ್ದೇ ಸರಿ ಅಲ್ವಾ?" ಎಂದಳು.

ಸೋಮವಾರದ ಕಾಲ್‌ನಲ್ಲಿ "ಥರೋ ಟೆಸ್ಟಿಂಗ್" ಎಂದೆ. ಯಾರೂ ಗಮನಿಸಲಿಲ್ಲ. ಈಗ ಟೀಮಿಗೆ ಹೊಸದಾಗಿ ಸೇರಿದ ಹುಡುಗರು ಯಾವುದಾದರೂ ಪದ ತಪ್ಪಾಗಿ ಹೇಳಿದರೆ, ಕಾಲ್ ಮುಗಿದ ಮೇಲೆ ಒಬ್ಬರೇ ಇದ್ದಾಗ ತಿದ್ದುತ್ತೇನೆ. ಮೊದಲು ನನ್ನ ಕಥೆ ಹೇಳುತ್ತೇನೆ.