ಗರ ಯಾರು ಹಾಕಬೇಕು?

ಬೇಸಿಗೆ ಬಂತೆಂದರೆ ತುಮಕೂರಿನ ಬಟವಾಡಿಯ ಎಪಿಎಂಸಿ ಯಾರ್ಡಿಗೆ ಹುಣಸೆಹಣ್ಣು ಬರುತ್ತದೆ. ವ್ಯಾಪಾರ ಮುಖ್ಯವಾಗಿ ಹಣ್ಣಿನದು. ಬೀಜಕ್ಕೆ ಮನೆಗಳಲ್ಲಿ ಬೇರೊಂದು ಕೆಲಸವಿತ್ತು: ಒಂದು ಮೈಯನ್ನು ಕಲ್ಲಿನ ಮೇಲೆ ಬೆಳ್ಳಗಾಗುವ ತನಕ ಉಜ್ಜಿದರೆ ಚೌಕಾಬಾರದ ದಾಳ ಸಿದ್ಧ. ನಾಲ್ಕು ಬೀಜ ಎಸೆದಾಗ ಎಷ್ಟು ಬಿಳಿ ಮೇಲಾದವೋ ಅಷ್ಟು ಗರ. ನಾಲ್ಕೂ ಬಿಳಿಯಾದರೆ ನಾಲ್ಕು, ಒಂದೂ ಬಿಳಿಯಾಗದಿದ್ದರೆ ಎಂಟು. ನಾಲ್ಕಕ್ಕೂ ಎಂಟಕ್ಕೂ ಮತ್ತೊಂದು ಆಟ ಸಿಗುತ್ತದೆ. ಈಗ ದಾಳ ಫೋನಿಗೆ ಹೋಗಿದೆ. 1974ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಡಂಜನ್ಸ್ ಆಂಡ್ ಡ್ರ್ಯಾಗನ್ಸ್‌ನಂಥ ಪಾತ್ರಧಾರಿ ಆಟಗಳಲ್ಲಂತೂ ಪಾತ್ರದ ಬಲಾಬಲ ಬರೆದಿಡುವ ಹಾಳೆಯೇ ಆ್ಯಪ್ ಆಗಿದ್ದು, ಅದನ್ನು ಒತ್ತಿದರೆ ದಾಳವನ್ನೂ ಅದೇ ಎಸೆಯುತ್ತದೆ. ಹಾಳೆ ಲೆಕ್ಕ ಇಟ್ಟುಕೊಳ್ಳಲಿ, ಬೇಡವೆನ್ನುವುದಿಲ್ಲ. ಗರ ಹಾಕುವುದನ್ನು ಮಾತ್ರ ಅದಕ್ಕೆ ಬಿಡಬಾರದು ಎಂಬುದು ನನ್ನ ವಾದ.

ಯಂತ್ರದ ದಾಳ ಕೈದಾಳಕ್ಕಿಂತ ನ್ಯಾಯವಾದದ್ದು ಎಂಬ ಮಾತು ಮೊದಲು ಬರುತ್ತದೆ. ಗಣಿತದ ಮಟ್ಟಿಗೆ ಅದು ನಿಜ. ನಾಲ್ಕೂ ಬೀಜ ಸಮವಾಗಿ ಬೀಳುವಂತಿದ್ದರೆ ನಾಲ್ಕೂ ಎಂಟೂ ತಲಾ ಹದಿನಾರಕ್ಕೊಂದು ಪಾಲು, ಅಂದರೆ ನೂರಕ್ಕೆ ಆರು ಚಿಲ್ಲರೆ. ಆದರೆ ಮನೆಯಲ್ಲಿ ಉಜ್ಜಿದ ಬೀಜ ಅಷ್ಟು ಸಾಧುವಲ್ಲ. ಬಿಳಿ ನೂರಕ್ಕೆ ಅರವತ್ತು ಸಲ ಮೇಲಾಗುತ್ತದೆ ಎಂದುಕೊಂಡರೆ ನಾಲ್ಕು ಬೀಳುವುದು ನೂರಕ್ಕೆ ಹದಿಮೂರಕ್ಕೆ ಏರುತ್ತದೆ, ಎಂಟು ಎರಡೂವರೆಗೆ ಇಳಿಯುತ್ತದೆ. ಆದರೂ ಆಟ ಕೆಡುವುದಿಲ್ಲ, ಯಾಕೆಂದರೆ ಡೊಂಕು ಬೀಜ ಎಲ್ಲರ ಕೈಗೂ ಬರುತ್ತದೆ, ಎಲ್ಲರ ಕಣ್ಣೆದುರೇ ಬೀಳುತ್ತದೆ. ಆಟದವರಿಗೆ ಬೇಕಾದ ನ್ಯಾಯ ಸಮಪಾಲಿನದಲ್ಲ, ಸಾಕ್ಷಿಯದು. ಲೂಡೋ ಆ್ಯಪಿನಲ್ಲಿ ಸೋತವರು ‘ಇದು ಬೇಕಂತಲೇ ಆರು ಕೊಡಲ್ಲ’ ಎಂದು ಗೊಣಗುವುದು ಇದಕ್ಕೇ. ಬಹುಶಃ ಅವರ ಅನುಮಾನ ಸುಳ್ಳೇ ಇರಬಹುದು; ಸುಳ್ಳೆಂದು ತೋರಿಸಲು ಮಾತ್ರ ಎದುರಿಗೆ ಏನೂ ಬಿದ್ದಿರುವುದಿಲ್ಲ.

ಕಣ್ಣೆದುರು ಬಿದ್ದದ್ದೇ ನ್ಯಾಯವಾದರೆ ಶಕುನಿಯ ದಾಳವೂ ತುಂಬಿದ ಸಭೆಯಲ್ಲೇ ಬಿತ್ತಲ್ಲ ಎಂದು ಕೇಳಬಹುದು. ಒಳ್ಳೆಯ ಪ್ರಶ್ನೆ. ಆದರೆ ಅಲ್ಲಿ ದಾಳ ಒಂದು ಕಡೆಯವರದು, ಎಸೆದ ಕೈಯೂ ಅವರದೇ. ಹಾಗಾಗಿ ಕಣ್ಣಷ್ಟೇ ಸಾಲದು, ದಾಳವೂ ನಡುವೆ ಇರಬೇಕು. ಪ್ರತಿಯೊಬ್ಬರೂ ತಮ್ಮ ಫೋನನ್ನು ತಾವೇ ಹಿಡಿದು ಕೂತ ಮೇಜಿನಲ್ಲಿ ಈ ಎರಡೂ ಇರುವುದಿಲ್ಲ. ಇಪ್ಪತ್ತು ಮುಖದ ದಾಳದಲ್ಲಿ ಹದಿಮೂರು ಬಿತ್ತು, ಪಾತ್ರದ ಬಲ ಐದು, ಗೆಲ್ಲಲು ಹದಿನೈದು ಬೇಕು ಎಂದಿಟ್ಟುಕೊಳ್ಳಿ. ಕೈಯಿಂದ ಎಸೆದರೆ ಹದಿಮೂರು ಕಂಡೊಡನೆ ಸುತ್ತ ಕೂತವರೆಲ್ಲ ಕೂಡುತ್ತಾರೆ, ಅರೆಕ್ಷಣ ಉಸಿರು ಹಿಡಿಯುತ್ತಾರೆ. ಆ್ಯಪ್ ನೇರವಾಗಿ ಹದಿನೆಂಟು ಎಂದುಬಿಡುತ್ತದೆ. ಅದೃಷ್ಟವೆಷ್ಟು, ಪಾತ್ರದ ಸಾಮರ್ಥ್ಯವೆಷ್ಟು ಎಂಬುದು ಆ ಒಂದೇ ಅಂಕಿಯೊಳಗೆ ಅಡಗಿಹೋಗುತ್ತದೆ; ಹೊಸಬನಿಗೆ ನಿಯಮ ತಿಳಿಯುವುದೂ ಅಷ್ಟಕ್ಕೇ ನಿಲ್ಲುತ್ತದೆ.

ಕೂಡುವುದೇ ಬೇಸರ ಎನ್ನುವವರ ಮಾತನ್ನು ಒಪ್ಪುತ್ತೇನೆ. ಬೆಂಕಿಯುಂಡೆಯ ಮಂತ್ರಕ್ಕೆ ಎಂಟು ದಾಳ ಎಸೆದು ಬೆರಳು ಮಡಿಸುತ್ತ ಕೂತರೆ ಕಥೆ ಅಲ್ಲೇ ತೂಕಡಿಸುತ್ತದೆ. ಆ ಕೂಡಿಕೆ ಫೋನಿಗಿರಲಿ. ಒಬ್ಬರು ಗುಬ್ಬಿಯಲ್ಲಿ, ಒಬ್ಬರು ಕುಣಿಗಲ್ಲಿನಲ್ಲಿ, ಮತ್ತೊಬ್ಬರು ಕಡಲಾಚೆ ಇದ್ದರೆ ಪರದೆಯ ದಾಳ ಬಿಟ್ಟು ಗತಿಯಿಲ್ಲ. ಅಲ್ಲಿ ಎಲ್ಲರಿಗೂ ಒಟ್ಟಿಗೆ ಕಾಣುವ ಗರಗಳ ಪಟ್ಟಿಯೇ ಸಾಕ್ಷಿ. ಕಣ್ಣು ಮಂಜಾದವರಿಗೆ, ಕೈ ನಡುಗುವವರಿಗೆ ಆ್ಯಪ್ ಹಾಕಿಕೊಡುವ ಗರವನ್ನು ತಕರಾರಿಲ್ಲದೆ ಒಪ್ಪಬೇಕು. ಉಳಿದವರು ಎದುರೆದುರು ಕೂತಾಗಲಾದರೂ ಮೇಜಿನ ನಡುವೆ ಎಲ್ಲರಿಗೂ ಸೇರಿದ ಒಂದೇ ಜೊತೆ ದಾಳ ಇಟ್ಟುಕೊಳ್ಳಿ.