ಸನ್ ಹೌಸ್ ಮರಳಿದ್ದು ಎಲ್ಲಿಂದ?

1964ರ ಜೂನ್‌ನಲ್ಲಿ ಮೂವರು ಬಿಳಿಯ ಯುವಕರು ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್ ಊರಿಗೆ ಹೋಗಿ ಸನ್ ಹೌಸ್ ಅವರನ್ನು ಕಂಡಾಗ ಅವರ ಹತ್ತಿರ ಗಿಟಾರೇ ಇರಲಿಲ್ಲ. ಮಿಸ್ಸಿಸ್ಸಿಪ್ಪಿ ಡೆಲ್ಟಾದ ಬ್ಲೂಸ್‌ಗೆ ಬುನಾದಿ ಹಾಕಿದವರಲ್ಲಿ ಒಬ್ಬರು ನುಡಿಸುವುದನ್ನು ಬಿಟ್ಟು ವರ್ಷಗಳೇ ಆಗಿದ್ದವು. ಹಳೆಯ ಜೊತೆಗಾರ ವಿಲ್ಲಿ ಬ್ರೌನ್ 1952ರಲ್ಲಿ ತೀರಿಕೊಂಡ ಮೇಲೆ ಅವರಿಗೆ ಅದರಲ್ಲಿ ಮನಸ್ಸು ಉಳಿದಿರಲಿಲ್ಲ. ಹೀಗಿದ್ದವರು ಮರುವರ್ಷದ ಏಪ್ರಿಲ್‌ನಲ್ಲಿ ನ್ಯೂಯಾರ್ಕ್ ನಗರದಲ್ಲಿ ಕೊಲಂಬಿಯಾ ಕಂಪನಿಗೆ ಒಂಬತ್ತು ಹಾಡುಗಳ ಆಲ್ಬಂ ಹಾಡಿಕೊಟ್ಟರು. ಹೆಸರು ‘ಫಾದರ್ ಆಫ್ ಫೋಕ್ ಬ್ಲೂಸ್’. ದೀರ್ಘ ಮೌನದ ನಂತರ ಬಂದ ಆಲ್ಬಂಗಳಲ್ಲಿ ಇದಕ್ಕೆ ಸರಿಗಟ್ಟುವ ಇನ್ನೊಂದನ್ನು ನಾನು ಕೇಳಿಲ್ಲ. ಆ ಹತ್ತು ತಿಂಗಳಲ್ಲಿ ನಡೆದ ಸಂಗತಿಗಳು ಎಲ್ಲರಿಗೂ ತಿಳಿದವೇ. ಆದರೂ ಅದು ಹೇಗೆ ಸಾಧ್ಯವಾಯಿತು ಎಂಬುದು ನನಗೆ ಬಗೆಹರಿಯುತ್ತಿಲ್ಲ. ಬಗೆಹರಿಯದ್ದನ್ನು ಇಲ್ಲಿ ಗುರುತು ಹಾಕಿಕೊಳ್ಳುತ್ತಿದ್ದೇನೆ.

*

ಮೊದಲ ಗೋಜಲು ಚರ್ಚಿನದು. ಸನ್ ಹೌಸ್, ಅಂದರೆ ಎಡ್ಡಿ ಜೇಮ್ಸ್ ಹೌಸ್, ಮೀಸೆ ಮೂಡುವ ವಯಸ್ಸಿಗೇ ಚರ್ಚಿನಲ್ಲಿ ಪ್ರಸಂಗ ಮಾಡಿದವರು, ಮುಂದೆ ಸಭಾಪಾಲಕರಾದವರು. ಬ್ಲೂಸ್ ಹಾಡುವುದು, ಗಿಟಾರ್ ಹಿಡಿಯುವುದು ಪಾಪ ಎಂದು ನಂಬಿದ್ದವರು. ಗಿಟಾರ್ ಕೈಗೆ ಬಂದದ್ದು ಇಪ್ಪತ್ತೈದರ ಆಸುಪಾಸಿನಲ್ಲಿ. ಯಾರೋ ತಂತಿಯ ಮೇಲೆ ಜಾರಿಸುವ ಸ್ಲೈಡ್ ಹಾಕಿ ನುಡಿಸಿದ್ದನ್ನು ಕೇಳಿದ್ದೇ ನೆಪ, ಬೆಳೆಸಿಕೊಂಡಿದ್ದ ನಂಬಿಕೆಯೆಲ್ಲ ಅಲ್ಲಾಡಿಹೋಯಿತು. ಅದಾಗಿ ಸ್ವಲ್ಪ ಕಾಲಕ್ಕೆ ಒಂದು ಕುಡಿತದ ಕೂಟದಲ್ಲಿ ಗುಂಡು ಹಾರಿಸಿ ಒಬ್ಬನನ್ನು ಕೊಂದರು. ಪ್ರಾಣ ಉಳಿಸಿಕೊಳ್ಳಲು ಹಾಗೆ ಮಾಡಿದೆ ಎಂದರು. ಪಾರ್ಚ್‌ಮನ್ ಫಾರ್ಮ್ ಎಂಬ, ಕೈದಿಗಳಿಂದ ಹೊಲ ಗೇಯಿಸುವ ಜೈಲಿಗೆ ಹೋಗಿ ಬಂದರು. 1930ರಲ್ಲಿ ಬ್ಲೂಸ್ ಹಾಡುಗಾರ ಚಾರ್ಲಿ ಪ್ಯಾಟನ್ ಜೊತೆ ವಿಸ್ಕಾನ್ಸಿನ್‌ನ ಗ್ರಾಫ್ಟನ್‌ಗೆ ಹೋಗಿ ಪ್ಯಾರಮೌಂಟ್ ಕಂಪನಿಗೆ ಹಾಡಿದರು. ಅಲ್ಲಿ ಹಾಡಿದವುಗಳಲ್ಲಿ ‘ಪ್ರೀಚಿನ್ ದ ಬ್ಲೂಸ್’ ಕೂಡ ಒಂದು. ಚರ್ಚು ಬಿಟ್ಟವನು ಚರ್ಚಿನ ದನಿಯಲ್ಲೇ ಚರ್ಚನ್ನು ಪ್ರಶ್ನಿಸುವ ಹಾಡು ಅದು. ಅವರು ಬ್ಲೂಸ್ ಹಾಡುವಾಗ ನನಗೆ ಪ್ರಸಂಗ ಕೇಳಿಸುತ್ತದೆ, ದೇವರ ಹಾಡು ಹಾಡುವಾಗ ಬ್ಲೂಸ್ ಕೇಳಿಸುತ್ತದೆ. ಅವರು ಇವೆರಡರಲ್ಲಿ ಯಾವುದನ್ನೂ ಪೂರ್ತಿ ಬಿಟ್ಟುಕೊಡಲಿಲ್ಲ.

*

ಪ್ಯಾರಮೌಂಟನ್ನು ನಡೆಸುತ್ತಿದ್ದದ್ದು ಒಂದು ಕುರ್ಚಿ ಕಂಪನಿ. ಗ್ರಾಮಫೋನಿನ ಮರದ ಪೆಟ್ಟಿಗೆ ಮಾಡುತ್ತ ಮಾಡುತ್ತ ತಟ್ಟೆಗಳ ವ್ಯಾಪಾರಕ್ಕೂ ಇಳಿದಿತ್ತು. ತಟ್ಟೆಯ ಅರಗು ಕಳಪೆ, ಕೆಟ್ಟ ಸದ್ದು ಮಾಡುತ್ತಿತ್ತು. ಸಾಲದ್ದಕ್ಕೆ ಆರ್ಥಿಕ ಕುಸಿತದ ವರ್ಷ, ಕೊಳ್ಳುವವರ ಕೈಯಲ್ಲಿ ಕಾಸಿಲ್ಲ. ಹೌಸ್ ಅವರ ತಟ್ಟೆಗಳು ಮಾರಾಟವಾಗಲಿಲ್ಲ. ಉಳಿದ ಬೆರಳೆಣಿಕೆಯ ಪ್ರತಿಗಳು ಸಂಗ್ರಾಹಕರ ಕಪಾಟು ಸೇರಿದವು. 1941–42ರಲ್ಲಿ ಅಲನ್ ಲೋಮ್ಯಾಕ್ಸ್ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಪರವಾಗಿ ಡೆಲ್ಟಾಕ್ಕೆ ಬಂದು ಅವರನ್ನು ಮತ್ತೆ ಧ್ವನಿಮುದ್ರಿಸಿದರು. ಅವುಗಳಲ್ಲಿ ಒಂದು ಅಂಗಡಿಯಲ್ಲಿ ಮಾಡಿದ ಮುದ್ರಣದಲ್ಲಿ ಪಕ್ಕದ ಹಳಿಯ ಮೇಲೆ ರೈಲು ಹಾದುಹೋಗುವ ಸದ್ದೂ ಸೇರಿಕೊಂಡಿದೆ. ಅದನ್ನು ಯಾರೂ ಅಳಿಸಲಿಲ್ಲ, ಒಳ್ಳೆಯದೇ ಆಯಿತು. ಮುಂದೆ ಹೌಸ್ ಅವರ ಬದುಕು ರೈಲಿನ ಜೊತೆಗೇ ಸಾಗಿತು.

*

1943ರಲ್ಲಿ ಉತ್ತರಕ್ಕೆ ಹೊರಟರು. ರಾಚೆಸ್ಟರ್‌ನಲ್ಲಿ ನೆಲೆಸಿ ನ್ಯೂಯಾರ್ಕ್ ಸೆಂಟ್ರಲ್ ರೈಲ್ವೆಯಲ್ಲಿ ಪೋರ್ಟರ್ ಆಗಿ ದುಡಿದರು. ಬ್ಲೂಸ್ ಅಭಿಮಾನಿಗಳು ಬರೆಯುವಾಗ ಈ ಕಾಲವನ್ನು ‘ಕಣ್ಮರೆಯಾಗಿದ್ದ ವರ್ಷಗಳು’ ಎನ್ನುತ್ತಾರೆ. ಅದನ್ನು ಒಪ್ಪಲು ನನಗೆ ಮನಸ್ಸಾಗುವುದಿಲ್ಲ. ಯಾರ ಕಣ್ಣಿನಿಂದ ಮರೆ? ದಕ್ಷಿಣದ ಹತ್ತಿ ಹೊಲಗಳನ್ನು ಬಿಟ್ಟು ಲಕ್ಷಾಂತರ ಕರಿಯ ಜನ ಉತ್ತರದ ಕಾರ್ಖಾನೆ, ರೈಲ್ವೆಗಳಿಗೆ ಹೊರಟಿದ್ದ ಕಾಲ ಅದು, ಹೌಸ್ ಕೂಡ ಆ ಜನರಲ್ಲಿ ಒಬ್ಬರು. ಹೆಂಡತಿಗೆ, ಅಕ್ಕಪಕ್ಕದವರಿಗೆ, ಜೊತೆಗೆ ದುಡಿಯುವವರಿಗೆ ಅವರು ಕಣ್ಣೆದುರಿಗೇ ಇದ್ದರು. ಸಂಬಳ ಬರುತ್ತಿತ್ತು. ಹೊಟ್ಟೆಗೂ ಸಾಲದಷ್ಟು ಕೊಟ್ಟ ಸಂಗೀತವನ್ನು ಬಿಟ್ಟು ಮಾಸಿಕ ಸಂಬಳ ಆರಿಸಿಕೊಂಡ ಮನುಷ್ಯನಿಗೆ ನಾವು ‘ಕಳೆದುಹೋದ’ ಎಂಬ ಹಣೆಪಟ್ಟಿ ಹಚ್ಚಿದ್ದೇವೆ.

*

ಹುಡುಕಲು ಹೊರಟವರು ಡಿಕ್ ವಾಟರ್‌ಮನ್, ನಿಕ್ ಪರ್ಲ್ಸ್, ಫಿಲ್ ಸ್ಪೈರೋ. ಪುಟ್ಟ ಫೋಕ್ಸ್‌ವ್ಯಾಗನ್ ಕಾರಿನಲ್ಲಿ ಅವರು ನೇರ ಮಿಸ್ಸಿಸ್ಸಿಪ್ಪಿಗೇ ಹೋದರು. ಹಾಡು ಎಲ್ಲಿ ಹುಟ್ಟಿತೋ ಹಾಡುಗಾರ ಅಲ್ಲೇ ಸಿಗಬೇಕೆಂಬ ನಂಬಿಕೆ. ಹಿಂದೊಮ್ಮೆ ಬ್ಲೂಸ್ ಹಾಡಿ ಆಮೇಲೆ ಬೋಧಕರಾಗಿದ್ದ ರಾಬರ್ಟ್ ವಿಲ್ಕಿನ್ಸ್ ಈ ಮೂವರ ಜೊತೆ ನಿಂತು ದಾರಿ ತೋರಿಸಿದರು. ಅದು ಕರಿಯರ ಮತದಾನದ ಹಕ್ಕಿಗಾಗಿ ಉತ್ತರದ ವಿದ್ಯಾರ್ಥಿಗಳು ಮಿಸ್ಸಿಸ್ಸಿಪ್ಪಿಗೆ ಬಂದಿಳಿಯುತ್ತಿದ್ದ ಬೇಸಿಗೆ. ಅದೇ ಜೂನ್ 21ರಂದು ಚೇನಿ, ಗುಡ್‌ಮನ್, ಶ್ವರ್ನರ್ ಎಂಬ ಮೂವರು ಹೋರಾಟಗಾರರು ಅಲ್ಲಿ ಕೊಲೆಯಾದರು. ಅಂಥ ಹೊತ್ತಿನಲ್ಲಿ, ಅಂಥ ರಸ್ತೆಗಳಲ್ಲಿ, ಹಳೆಯ ಗ್ರಾಮಫೋನ್ ತಟ್ಟೆಯ ದನಿಯೊಂದನ್ನು ಹುಡುಕುತ್ತ ಮೂವರು ಹುಡುಗರು. ಇದನ್ನು ಧೈರ್ಯ ಎನ್ನಲೋ, ಸುತ್ತ ನಡೆಯುತ್ತಿದ್ದುದರ ಬಗ್ಗೆ ಕುರುಡು ಎನ್ನಲೋ, ನನಗೆ ತಿಳಿಯದು. ಎರಡೂ ಇದ್ದಿರಬಹುದು. ಅದೇ ತಿಂಗಳು ಬೇರೊಂದು ತಂಡಕ್ಕೆ ಇನ್ನೊಬ್ಬ ಹಳೆಯ ಬ್ಲೂಸ್ ಹಾಡುಗಾರ ಸ್ಕಿಪ್ ಜೇಮ್ಸ್ ಡೆಲ್ಟಾದ ಆಸ್ಪತ್ರೆಯೊಂದರಲ್ಲಿ ಸಿಕ್ಕರು. ಹೌಸ್ ಅವರ ಸುಳಿವು ಮಾತ್ರ ಮಿಸ್ಸಿಸ್ಸಿಪ್ಪಿಯಿಂದ ಮತ್ತೆ ಉತ್ತರಕ್ಕೇ, ಕೊರೆಯುವ ಚಳಿಯ ರಾಚೆಸ್ಟರ್‌ಗೆ ಕರೆದೊಯ್ದಿತು.

*

ನನ್ನನ್ನು ಹೆಚ್ಚು ಕಾಡುವುದು ಇದರ ನಂತರದ ಸಂಗತಿ. ಹೌಸ್ ಅವರಿಗೆ ಹಾಡುಗಳು ಮರೆತಿದ್ದವು, ಕೈ ನಡುಗುತ್ತಿತ್ತು. ಆಗ ಮುಂದೆ ಬಂದವನು ಅಲನ್ ವಿಲ್ಸನ್, ಬಾಸ್ಟನ್ ಕಡೆಯವನು, ಇಪ್ಪತ್ತೊಂದರ ಹುಡುಗ. 1930ರ ಮತ್ತು ನಲವತ್ತರ ದಶಕದ ಮುದ್ರಣಗಳನ್ನು ಕೇಳಿ ಕೇಳಿ ಸ್ವರಸ್ವರವನ್ನೂ ಅರೆದು ಕುಡಿದಿದ್ದ. ಇಬ್ಬರೂ ಎದುರುಬದುರು ಕೂತರು. ಈ ಹಾಡನ್ನು ನೀವು 1930ರಲ್ಲಿ ಹೀಗೆ ನುಡಿಸಿದ್ದಿರಿ, 1942ರಲ್ಲಿ ಹೀಗೆ, ಎಂದು ವಿಲ್ಸನ್ ನುಡಿಸಿ ತೋರಿಸಿದ. ಸನ್ ಹೌಸ್ ಅವರಿಗೆ ಸನ್ ಹೌಸ್ ಹಾಗೆ ನುಡಿಸಲು ಕಲಿಸಿದವನೇ ವಿಲ್ಸನ್ ಎಂದು ವಾಟರ್‌ಮನ್ ಮುಂದೆ ಹೇಳಿಕೊಂಡಿದ್ದಾರೆ.

ಹಾಗಾದರೆ ಆಲ್ಬಂನಲ್ಲಿರುವ ನೆನಪು ಯಾರದು? ಯೌವನದ ಕೈ ತಟ್ಟೆಗೆ ಇಳಿದು, ತಟ್ಟೆಯ ಗರಗರ ಸದ್ದಿನ ನಡುವಿಂದ ಹುಡುಗನ ಕಿವಿಗೆ ಬಿದ್ದು, ಅವನ ಬೆರಳಿನಿಂದ ಮುದುಕನ ಬೆರಳಿಗೆ ದಾಟಿತು. ತಟ್ಟೆಗೆ ಏರದ ಎಷ್ಟೋ ಹಾಡು ಈ ದಾರಿಯಲ್ಲಿ ಹೊರಗೇ ಉಳಿದಿರಬೇಕು. ಹೊಲದ ಮಧ್ಯೆ, ಶನಿವಾರದ ರಾತ್ರಿಯ ಕುಣಿತಕ್ಕೆ ಗಂಟೆಗಟ್ಟಲೆ ನುಡಿಸಿದ್ದು ಮೂರು ನಿಮಿಷದ ತಟ್ಟೆಯಲ್ಲಿ ಹೇಗೆ ಹಿಡಿಸೀತು? 1930ರಲ್ಲಿ ಅವರ ಹಾಡುಗಳನ್ನು ತುಂಡು ಮಾಡಿ, ಮೊದಲ ಭಾಗ, ಎರಡನೇ ಭಾಗ ಎಂದು ತಟ್ಟೆಯ ಎರಡು ಮಗ್ಗುಲಿಗೆ ಹಾಕಬೇಕಾಗಿತ್ತು.

*

ಇಷ್ಟೆಲ್ಲ ಅನುಮಾನ ಇಟ್ಟುಕೊಂಡು ಆಲ್ಬಂ ಹಾಕಿದರೆ ಮೊದಲ ಹಾಡು ‘ಡೆತ್ ಲೆಟರ್’. ಉಕ್ಕಿನ ಮೈಯ ನ್ಯಾಷನಲ್ ಗಿಟಾರ್. ಬಲಗೈ ತಂತಿಯನ್ನು ಎಳೆದು ಬಿಟ್ಟಾಗ ಅದು ಪಟ್ಟಿಯ ಮೇಲೆ ಫಟ್ಟೆಂದು ಬಡಿಯುತ್ತದೆ. ಎಡಗೈಯ ಬೆರಳಿಗೆ ಸಿಕ್ಕಿಸಿದ ಲೋಹದ ಕೊಳವೆ ತಂತಿಯ ಮೇಲೆ ಜಾರಿ ಮೇಲೇರಿ ಅರಚುತ್ತದೆ. ಗೋಟುವಾದ್ಯ ಕೇಳಿದ ಕಿವಿಗೆ ಈ ಜಾರು ಹೊಸದಲ್ಲ, ಆದರೆ ಅಲ್ಲಿ ಒಂದು ಸ್ವರವನ್ನು ಇನ್ನೊಂದಕ್ಕೆ ನಯವಾಗಿ ದಾಟಿಸುತ್ತಾರೆ, ಇಲ್ಲಿ ಸ್ವರದ ಸಿಪ್ಪೆ ಸುಲಿದು ತೋರಿಸುತ್ತಾರೆ. ಬೆಳಗ್ಗೆ ಒಂದು ಕಾಗದ ಬರುತ್ತದೆ, ಪ್ರೀತಿಸಿದವಳು ಸತ್ತಿದ್ದಾಳೆಂದು. ಅವನು ಹೋಗಿ ಹಲಗೆಯ ಮೇಲೆ ಮಲಗಿಸಿದ ಹೆಣ ನೋಡುತ್ತಾನೆ. ಹೂಳುವ ತನಕ ನಿಲ್ಲುತ್ತಾನೆ. ಅವಳ ಮೇಲೆ ತನಗೆ ಎಷ್ಟು ಪ್ರೀತಿಯಿತ್ತೆಂಬುದು ಮಣ್ಣು ಬೀಳುವಾಗಷ್ಟೇ ಅವನಿಗೆ ತಿಳಿಯುತ್ತದೆ.

ಇದರ ಬೇರು 1930ರ ‘ಮೈ ಬ್ಲ್ಯಾಕ್ ಮಾಮಾ’ದ ಎರಡನೇ ಭಾಗದಲ್ಲಿದೆ. ಎರಡನ್ನೂ ಒಂದರ ಹಿಂದೊಂದು ಕೇಳಬೇಕು. ಹಳೆಯದರಲ್ಲಿ ಇಪ್ಪತ್ತೆಂಟರ ಯುವಕ ಸಾವಿನ ಸುದ್ದಿ ಹೇಳುತ್ತಾನೆ, ದನಿ ಗಟ್ಟಿ, ತಾಳ ಬಿಗಿ. ಹೊಸದರಲ್ಲಿ ಕೈ ಅಷ್ಟು ಚುರುಕಿಲ್ಲ, ತಪ್ಪಿದ ಪೆಟ್ಟುಗಳೂ ಇವೆ. ಆದರೆ ಸಾಲು ಮತ್ತು ಸಾಲಿನ ನಡುವೆ ಉಸಿರು ನಿಲ್ಲುವ ಜಾಗವೊಂದಿದೆ, ಹಳೆಯದರಲ್ಲಿ ಅದು ಇಲ್ಲ. ಅದನ್ನು ವಿಲ್ಸನ್ ಕಲಿಸಿರಲಾರ, ಅವನು ಕೇಳಿದ ತಟ್ಟೆಯಲ್ಲೇ ಅದಿರಲಿಲ್ಲವಲ್ಲ.

*

ಅದೇ ಆಲ್ಬಂನಲ್ಲಿ ‘ಎಂಪೈರ್ ಸ್ಟೇಟ್ ಎಕ್ಸ್‌ಪ್ರೆಸ್’ ಎಂಬ ಹಾಡಿದೆ. ಅದು ನ್ಯೂಯಾರ್ಕ್ ಸೆಂಟ್ರಲ್ ರೈಲ್ವೆಯ ಹೆಸರಾಂತ ರೈಲು, ರಾಚೆಸ್ಟರ್ ಮೂಲಕವೇ ಓಡುತ್ತಿತ್ತು. ಹೌಸ್ ದುಡಿದದ್ದು ಆ ರೈಲ್ವೆಯಲ್ಲೇ. ‘ಕಣ್ಮರೆ’ಯ ವರ್ಷಗಳು ಹೀಗೆ ತಮ್ಮ ಹೆಸರು ಹೊತ್ತೇ ಆಲ್ಬಂ ಏರಿ ಕೂತಿವೆ. ಡೆಲ್ಟಾದ ಹತ್ತಿ ಹೊಲದ ದನಿ ಬೇಕೆಂದು ಬಂದವರಿಗೆ ಅವರು ಉತ್ತರದ ರೈಲನ್ನೂ ಹಾಡಿ ಕೊಟ್ಟರು. ಈ ಹಾಡಿಗೆ ಎರಡನೇ ಗಿಟಾರ್ ನುಡಿಸಿದವನು ವಿಲ್ಸನ್. ಒಂಬತ್ತು ನಿಮಿಷ ದಾಟುವ ‘ಲೆವೀ ಕ್ಯಾಂಪ್ ಮೋನ್’ಗೆ ಹಾರ್ಮೋನಿಕಾ ಊದಿದವನೂ ಅವನೇ. ಅಲ್ಲಿ ಅವನು ಕಲಿಸುವವನಲ್ಲ, ಹಿಂದೆ ಕೂತು ಅನುಸರಿಸುವವನು. ಹುಡುಗನ ಈ ವಿನಯ ನನಗೆ ಬಹಳ ಇಷ್ಟ.

‘ಗ್ರಿನ್ನಿನ್ ಇನ್ ಯುವರ್ ಫೇಸ್’ನಲ್ಲಿ ಗಿಟಾರೂ ಇಲ್ಲ. ದನಿ, ಚಪ್ಪಾಳೆ, ಅಷ್ಟೇ. ಆ ಚಪ್ಪಾಳೆಯೂ ಗಡಿಯಾರದ ಲೆಕ್ಕಕ್ಕೆ ಬೀಳುವುದಿಲ್ಲ. ವಾದ್ಯ ಮರೆತವರಿಗೆ ವಾದ್ಯ ಬೇಕೇ ಬೇಕೆಂದಿರಲಿಲ್ಲ ಎಂಬುದಕ್ಕೆ ಈ ಒಂದು ಹಾಡು ಸಾಕು.

*

ಕಾಲಕ್ರಮವೂ ತಲೆಕೆಳಗು. ಮೂವತ್ತರ ಆಸುಪಾಸಿನಲ್ಲಿ ಹೌಸ್ ಮತ್ತು ಬ್ರೌನ್ ಅವರ ಹಿಂದೆ ಸುತ್ತುತ್ತಿದ್ದ ಪೋರ, ಮುಂದೆ ತಾನೂ ಬ್ಲೂಸ್ ಹಾಡುಗಾರನಾದ ರಾಬರ್ಟ್ ಜಾನ್ಸನ್, 1938ರಲ್ಲೇ ಸತ್ತ. ಕೊಲಂಬಿಯಾ ಅವನ ಹಾಡುಗಳ ಎಲ್‌ಪಿ ತಂದದ್ದು 1961ರಲ್ಲಿ. ಗುರುವಿನ ಎಲ್‌ಪಿ ನಾಲ್ಕು ವರ್ಷ ತಡವಾಗಿ ಬಂತು. ಹೌಸ್ ಅವರನ್ನು ಕೇಳಲು ಬಂದವರು ಜಾನ್ಸನ್ ಬಗ್ಗೆ ಕೇಳುತ್ತಿದ್ದರು, ಅವರು ತಾಳ್ಮೆಯಿಂದ ಹೇಳುತ್ತಿದ್ದರು. ಇತ್ತ ವಿಲ್ಸನ್ ‘ಕ್ಯಾನ್ಡ್ ಹೀಟ್’ ತಂಡ ಕಟ್ಟಿ ಹೆಸರು ಮಾಡಿ 1970ರಲ್ಲಿ, ಇಪ್ಪತ್ತೇಳಕ್ಕೇ ತೀರಿಕೊಂಡ. ಹೌಸ್ 1988ರವರೆಗೆ ಬದುಕಿದ್ದರು. ತನ್ನ ಹಾಡು ಕಲಿತ ಹುಡುಗ, ತನಗೆ ತನ್ನ ಹಾಡು ಕಲಿಸಿದ ಹುಡುಗ, ಇಬ್ಬರೂ ಅವರಿಗಿಂತ ಮೊದಲೇ ಹೋದರು.

*

2022ರಲ್ಲಿ ಇನ್ನೊಂದು ಆಲ್ಬಂ ಬಂತು, ‘ಫಾರೆವರ್ ಆನ್ ಮೈ ಮೈಂಡ್’. ವಾಟರ್‌ಮನ್ ಕಾಪಾಡಿಕೊಂಡಿದ್ದ ಟೇಪು. 1964ರ ನವೆಂಬರ್‌ನಲ್ಲಿ ಇಂಡಿಯಾನಾದ ವಬಾಶ್ ಕಾಲೇಜಿನಲ್ಲಿ ಹಾಡಿದ್ದು. ಅಂದರೆ ಕೊಲಂಬಿಯಾ ಸ್ಟುಡಿಯೋಕ್ಕಿಂತ ಐದು ತಿಂಗಳು ಮುಂಚೆ, ಗಿಟಾರ್ ಕೈಗೆ ಮತ್ತೆ ಬಂದು ಹೆಚ್ಚು ದಿನವಾಗದಿದ್ದಾಗ. ಇಲ್ಲಿ ದನಿ ಮೆತ್ತಗೆ, ಅವಸರವಿಲ್ಲ. ಏಪ್ರಿಲ್‌ನ ಗುಡುಗು ಇನ್ನೂ ಬಂದಿಲ್ಲ. ಈ ಅಲ್ಪ ಅವಧಿಯಲ್ಲಿ ಕಲಿಕೆ ಮುಂದುವರಿಯಿತೋ, ಕೇಳುಗರ ಮುಂದೆ ಕೂತು ಕೂತು ಧೈರ್ಯ ಬಂತೋ, ಸ್ಟುಡಿಯೋದ ಒತ್ತಡವೋ? ನನಗಂತೂ ಈ ಮೆಲುದನಿಯವರೇ ರಾಚೆಸ್ಟರ್‌ನಲ್ಲಿ ಅಷ್ಟು ವರ್ಷ ಬಾಳಿದ ಮನುಷ್ಯನಿಗೆ ಹೆಚ್ಚು ಹತ್ತಿರ ಅನ್ನಿಸುತ್ತದೆ.

ಆ ಆಲ್ಬಂಗೆ ಹೆಸರು ಕೊಟ್ಟ ಹಾಡು 1930ರಲ್ಲಿ ಬಿಡುಗಡೆಯಾದ ತಟ್ಟೆಗಳಲ್ಲಿಲ್ಲ, 1965ರ ಆಲ್ಬಂನಲ್ಲೂ ಇಲ್ಲ. ವಿಲ್ಸನ್ ಅದನ್ನು ಯಾವ ತಟ್ಟೆಯಿಂದ ಎತ್ತಿ ಕೊಟ್ಟಿದ್ದಾನು? ಅದು ಹೌಸ್ ಅವರ ಒಳಗೇ ಇತ್ತು ಅಂದುಕೊಳ್ಳುತ್ತೇನೆ. ಹಾಗಿದ್ದರೆ ‘ಹಾಡುಗಳೆಲ್ಲ ಮರೆತುಹೋಗಿದ್ದವು’ ಎಂಬ ಕತೆಯನ್ನೇ ಮತ್ತೊಮ್ಮೆ ಮೊದಲಿಂದ ವಿಚಾರಿಸಬೇಕು.